ಹಿರಿಯರಿಗೊಂದು ಹಿತ್ತಿಲ ಮನೆ: ಅಳತೆ ಎಲ್ಲಿಂದ ತೊಡಗಬೇಕು?

ನಮ್ಮ ಕಾಸರಗೋಡು ಕಡೆಯ ಹಳೆಯ ತೋಟದ ಮನೆಗಳನ್ನು ಕಟ್ಟಿಸಿದವರು ಮಳೆಯನ್ನು ಚೆನ್ನಾಗಿ ಬಲ್ಲವರು. ಎತ್ತರದ ಪಂಚಾಂಗ, ಮುರಕಲ್ಲಿನ ದಪ್ಪ ಗೋಡೆ, ಕಡಿದಾದ ಹಂಚಿನ ಮಾಡು, ಇವುಗಳಲ್ಲಿ ಕೊರತೆ ಹೇಳುವಂತಿಲ್ಲ. ಆದರೆ ಅವರು ಮನೆ ಕಟ್ಟಿಸಿದ್ದು ತಮಗೆ ಮೂವತ್ತೋ ನಲ್ವತ್ತೋ ವಯಸ್ಸಾಗಿದ್ದಾಗ. ಅಂಗಳದಿಂದ ಜಗಲಿಗೆ ನಾಲ್ಕು ಮೆಟ್ಟಿಲು, ಜಗಲಿಯಿಂದ ಚಾವಡಿಗೆ ಒಂದು ಗೇಣು ಎತ್ತರದ ಹೊಸ್ತಿಲು, ಮನೆಯ ಹಿಂದೆ ಬಚ್ಚಲು, ಕಕ್ಕಸು ಅದರಿಂದಲೂ ಆಚೆ, ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗುವಷ್ಟು ದೂರದಲ್ಲಿ. ಎಳೆಯ ಕಾಲಿಗೆ ಇದೊಂದೂ ಲೆಕ್ಕಕ್ಕಿಲ್ಲ. ಎಪ್ಪತ್ತೈದು ದಾಟಿದ ಕಾಲಿಗೆ ಪ್ರತಿಯೊಂದೂ ಒಂದು ಗುಡ್ಡ.

೨೦೨೨ರ ಆಟಿ ತಿಂಗಳಲ್ಲಿ ಒಂದು ರಾತ್ರಿ ನಮ್ಮ ತಾಯಿಯವರು ಕಕ್ಕಸಿಗೆಂದು ಒಬ್ಬರೇ ಎದ್ದು ಹೋದರು. ಕರೆಂಟು ಇರಲಿಲ್ಲ. ಹಿಂಬಾಗಿಲ ಮೆಟ್ಟುಕಲ್ಲಿನ ಮೇಲೆ ಹಾವಸೆ ಕಟ್ಟಿತ್ತು. ಬಿದ್ದು ಬಲಗೈಯ ಮಣಿಗಂಟು ಮುರಿಯಿತು. ಸೊಂಟದ ಎಲುಬು ಉಳಿದುದು ನಮ್ಮ ಪುಣ್ಯ. ನನ್ನನ್ನು ಏಕೆ ಕರೆಯಲಿಲ್ಲವೆಂದು ಕೇಳಿದೆ. “ನಾಳೆ ಶಾಲೆಗೆ ಹೋಗುವವನನ್ನು ರಾತ್ರಿ ಮೂರು ಸಲ ಎಬ್ಬಿಸುವುದು ಹೇಗೆ ಮಗಾ?” ಎಂದರು. ಆ ಮಾತು ನನಗೆ ಮುರಿದ ಕೈಗಿಂತ ಹೆಚ್ಚು ನೋವು ಕೊಟ್ಟಿತು. ಹೊಸ ಮನೆಯ ಯೋಚನೆ ತೊಡಗಿದ್ದು ಅಲ್ಲಿಂದ.

ಹಳೆಯ ಮನೆಯನ್ನೇ ಸರಿಪಡಿಸಬಾರದೇ ಎಂದು ಕೆಲವರು ಕೇಳಬಹುದು. ಸಾಧ್ಯವಿರುವಲ್ಲಿ ಅದೇ ಉತ್ತಮ, ಖರ್ಚೂ ಕಡಿಮೆ. ನಮ್ಮಲ್ಲಿ ಪಂಚಾಂಗ ಎರಡು ಅಡಿ ಎತ್ತರ, ಒಳಗಿನ ಕೋಣೆಗಳ ನೆಲ ಒಂದಕ್ಕೊಂದು ಸಮವಿಲ್ಲ, ದಾರಂದಗಳು ಎರಡಡಿ ಅಗಲ. ಒಂದನ್ನು ಬದಲಿಸಹೊರಟರೆ ಮೂರನ್ನು ಕೆಡವಬೇಕಾಗುತ್ತಿತ್ತು. ದನಗಳನ್ನು ಮಾರಿದ ಮೇಲೆ ಹಾಳುಬಿದ್ದಿದ್ದ ಹಟ್ಟಿಯ ಜಾಗ, ಅದರ ಹಂಚು ಮತ್ತು ಕಲ್ಲು ಹೇಗೂ ಇದ್ದುವು.

ಮೊದಲು ಒಂದು ಮಾತನ್ನು ಹೇಳಿಬಿಡುತ್ತೇನೆ. ಮನೆಯ ಸುದ್ದಿ ಎತ್ತಿದಾಗ ಅಮ್ಮ ಮೂರು ದಿನ ನನ್ನಲ್ಲಿ ಸರಿಯಾಗಿ ಮಾತಾಡಲಿಲ್ಲ. ಹಟ್ಟಿಯ ಜಾಗಕ್ಕೆ ಹೆತ್ತವಳನ್ನು ಕಳುಹಿಸುವುದೆಂದು ಅವರಿಗೆ ಕಂಡಿತು. ಊರವರೂ ಹಾಗೆಯೇ ಅನ್ನುವವರು. ಒಪ್ಪಿದ್ದು ಮೂರು ಮಾತಿನ ಮೇಲೆ: ಬಾಗಿಲು ಹಿತ್ತಿಲಿನ ಕಡೆಗಲ್ಲ, ಅಡಿಕೆ ಒಣಗುವ ಅಂಗಳದ ಕಡೆಗೆ ಇರಬೇಕು, ಒಳಗೆ ಅವರದೇ ಒಂದು ಒಲೆ ಇರಬೇಕು, ಬೀಗದ ಕೈ ಅವರ ಸೆರಗಿನಲ್ಲಿರಬೇಕು. ಮನೆ ಕಟ್ಟಿಸುವವರು ಈ ಮಾತುಕತೆಯನ್ನು ಕಲ್ಲು ತರಿಸುವ ಮೊದಲೇ ಮುಗಿಸತಕ್ಕದ್ದು. ಯಜಮಾನರೆಂದು ಮಗನ ಹೆಸರಿದ್ದರೂ ಅಪ್ಪಣೆ ಅವರದಾಗಬೇಕು.

ಇನ್ನು ಅಳತೆ. ಮೇಸ್ತ್ರಿ ಬಂದವರು ಎಂದಿನಂತೆ ಹಗ್ಗ ಹಿಡಿದು ನೆಲ ಅಳೆಯಲು ಹೊರಟರು. “ಮಾಸ್ಟ್ರೇ, ಹನ್ನೆರಡಕ್ಕೆ ಹತ್ತು ಸಾಕಲ್ಲ?” ಎಂದರು. ನೆಲವನ್ನು ಆಮೇಲೆ ಅಳೆಯೋಣ, ಮೊದಲು ಅಮ್ಮನನ್ನು ಅಳೆಯೋಣ ಎಂದೆ. ಅವರು ನಕ್ಕರು. ಅಧ್ಯಾಪಕ ತರಬೇತಿಯಲ್ಲಿ ನಮಗೆ ಕಲಿಸಿದ್ದ ಒಂದು ಪಾಠವಿದೆ. ಮಗುವನ್ನು ಬೆಂಚಿಗೆ ಹೊಂದಿಸಬಾರದು, ಬೆಂಚನ್ನು ಮಗುವಿಗೆ ಹೊಂದಿಸಬೇಕು. ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗದ ಮಗು ಪಾಠ ಕೇಳುವುದಿಲ್ಲ, ಕಾಲು ಕುಣಿಸುತ್ತದೆ. ಹಿರಿಯರ ಮಂಚ, ಕುರ್ಚಿ, ಕಮೋಡುಗಳಿಗೂ ಇದೇ ಪಾಠ ಸಲ್ಲುತ್ತದೆ ಎಂಬುದು ನನಗೆ ಇಪ್ಪತ್ತು ವರ್ಷ ಕಳೆದ ಮೇಲೆ ಹೊಳೆಯಿತು.

ಅಳೆದದ್ದು ಹೀಗೆ. ಕುರ್ಚಿಯಲ್ಲಿ ಕುಳ್ಳಿರಿಸಿ ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ನೋಡಿದೆವು, ಹದಿನಾರು ಅಂಗುಲ ಬಂತು. ಎದ್ದು ನಿಲ್ಲಲು ಕಷ್ಟಪಡುವವರಿಗೆ ಆಸನ ಈ ಅಳತೆಗಿಂತ ಒಂದೆರಡು ಅಂಗುಲ ಎತ್ತರವಿದ್ದರೆ ಏಳುವುದು ಸುಲಭ. ಅದಕ್ಕಿಂತ ಎತ್ತರವಾದರೆ ಪಾದ ನೆಲ ಬಿಡುತ್ತದೆ. ಆದುದರಿಂದ ಮಂಚ, ಜಗಲಿಯ ಕಟ್ಟೆ, ಕಮೋಡು ಮೂರನ್ನೂ ಹದಿನೆಂಟು ಅಂಗುಲಕ್ಕೆ ನಿಲ್ಲಿಸಿದೆವು. ನಮ್ಮ ಹಳೆಯ ಜಗಲಿಕಟ್ಟೆ ಒಂದೇ ಅಡಿ ಎತ್ತರ; ಅದರ ಮೇಲೆ ಕುಳಿತ ಅಮ್ಮ ಏಳುವುದಕ್ಕೆ ಯಾರಾದರೂ ಬರಲೆಂದು ಕಾಯುತ್ತಿದ್ದುದನ್ನು ನಾನು ವಿಶ್ರಾಂತಿಯೆಂದು ತಿಳಿದಿದ್ದೆ.

ಕಾಲು ಎಷ್ಟು ಎತ್ತಬಲ್ಲರೆಂದು ನೋಡಲು ಹಲಗೆಗಳನ್ನು ಒಂದರ ಮೇಲೊಂದು ಇಟ್ಟೆವು. ನಾಲ್ಕು ಅಂಗುಲಕ್ಕೆ ಏನೂ ಹಿಡಿಯದೆ ಹತ್ತಿದರು. ಆರಕ್ಕೆ ಗೋಡೆ ಹಿಡಿದರು. ಎಂಟಕ್ಕೆ “ಇದು ಬೇಡ” ಎಂದರು. ಈ ಪರೀಕ್ಷೆಯನ್ನು ಬೆಳಿಗ್ಗೆ ಮಾಡಬಾರದು, ಸಂಜೆ ದಣಿದಿರುವಾಗ ಮಾಡಬೇಕು. ಬೆಳಗಿನ ಅಳತೆ ಸುಳ್ಳು ಹೇಳುತ್ತದೆ. ಕೈಯೆತ್ತಿ ನೋವಿಲ್ಲದೆ ಮುಟ್ಟಬಲ್ಲುದು ನಾಲ್ಕಡಿ, ಬಗ್ಗದೆ ಮುಟ್ಟಬಲ್ಲುದು ಎರಡಡಿ ಎಂದು ಕಂಡಿತು. ಹಾಗಾಗಿ ಸ್ವಿಚ್ಚು, ಚಿಲಕ, ಕಪಾಟು, ನಳ್ಳಿ ಎಲ್ಲವೂ ಈ ಎರಡು ಗೆರೆಗಳ ನಡುವೆಯೇ ಬಂದುವು. ನೆಲದ ಹತ್ತಿರ ನಳ್ಳಿಯಿಟ್ಟು ಅದರ ಕೆಳಗೆ ಬಾಲ್ದಿಯಿಡುವ ರೂಢಿ ನಮ್ಮಲ್ಲಿದೆಯಷ್ಟೆ. ತುಂಬಿದ ಬಾಲ್ದಿ ಎತ್ತಲು ಬಗ್ಗುವುದು ವೃದ್ಧರಿಗೆ ಅಪಾಯ. ಒಂದೂವರೆ ಅಡಿಯ ಕಟ್ಟೆಯ ಮೇಲೆ ಬಾಲ್ದಿ ಕೂರಿಸಿ, ಅದರ ಮೇಲೆ ನಳ್ಳಿ ಬರುವಂತೆ ಮಾಡಿದರೆ ಸಾಕು.

ಆದರೆ ಅಗಲದ ಅಳತೆಯನ್ನು ಇಂದಿನ ದೇಹಕ್ಕೆ ತೆಗೆಯಬಾರದು. ಇಂದು ಕೈಕೋಲು, ನಾಳೆ ವಾಕರ್ ಎಂಬ ನಾಲ್ಕು ಕಾಲಿನ ಆಸರೆ, ನಾಡಿದ್ದು ಗಾಲಿಕುರ್ಚಿ ಬರಬಹುದು. ಗಾಲಿಕುರ್ಚಿ ಕೈ ತಾಗದಂತೆ ದಾಟಲು ಬಾಗಿಲಿನ ಒಳ ಅಗಲ ೩ ಅಡಿ ಇರಬೇಕು. ಅದು ಒಂದು ಸುತ್ತು ತಿರುಗಲು ೫ ಅಡಿ ಅಗಲ, ೫ ಅಡಿ ಉದ್ದದ ಬರಿದಾದ ನೆಲ ಬೇಕು. ಈ ಜಾಗ ಮಲಗುವ ಕೋಣೆಯಲ್ಲಿಯೂ ಬಚ್ಚಲಿನಲ್ಲಿಯೂ ಇರತಕ್ಕದ್ದು. ನಾವು ಕೋಣೆಯನ್ನು ೧೨ ಅಡಿಗೆ ೧೧ ಅಡಿ, ಕಕ್ಕಸು ಸೇರಿದ ಬಚ್ಚಲನ್ನು ೭ ಅಡಿಗೆ ೭ ಅಡಿ ಮಾಡಿದೆವು. ಬಚ್ಚಲು ಕೋಣೆಗೆ ತಾಗಿಯೇ ಇದೆ. ಮಂಚದಿಂದ ಆರು ಹೆಜ್ಜೆ. ಗೋಡೆಗಳ ದಪ್ಪ ಬಿಟ್ಟರೆ ಇಡೀ ಮನೆ ಸುಮಾರು ೧೮ ಅಡಿ ಉದ್ದ, ೧೭ ಅಡಿ ಅಗಲ. ಇದರಲ್ಲಿಯೇ ಒಂದು ಅಡುಗೆ ಮೂಲೆ ಮತ್ತು ಐದಡಿ ಅಗಲದ ಜಗಲಿ ಸೇರಿದೆ. ಹೊಸ್ತಿಲು ಬೇಡವೆಂದಾಗ ಅಮ್ಮ ಒಪ್ಪಲಿಲ್ಲ. ಹೊಸ್ತಿಲಿಲ್ಲದ ಮನೆಗೆ ರಂಗೋಲಿ ಎಲ್ಲಿ ಹಾಕುವುದು? ನೆಲದ ಮಟ್ಟಕ್ಕೇ ಹಲಸಿನ ಹಲಗೆಯೊಂದನ್ನು ಹುಗಿದು ಅದನ್ನೇ ಹೊಸ್ತಿಲೆಂದೆವು. ಅರಶಿನ ಕುಂಕುಮ ಅದಕ್ಕೇ ಸಲ್ಲುತ್ತಿದೆ.

ಪಂಚಾಂಗದ ಎತ್ತರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ದಾರಿ ಬೇಕೆಂಬುದು ಎಲ್ಲರೂ ಒಪ್ಪಿದ ಲೆಕ್ಕ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೂ ಕಷ್ಟ, ಇಳಿಯುವವರಿಗೂ ಭಯ. ಹಳೆಯ ಕ್ರಮದಂತೆ ಎರಡು ಅಡಿ ಪಂಚಾಂಗ ಹಾಕಿದರೆ ಇಪ್ಪತ್ತನಾಲ್ಕು ಅಡಿಯ ದಾರಿಯಾಗುತ್ತದೆ, ಅಂಗಳವೆಲ್ಲ ಅದಕ್ಕೇ ಸರಿ. ನಾವು ಒಂಬತ್ತು ಅಂಗುಲಕ್ಕೆ ಇಳಿಸಿದೆವು, ದಾರಿ ಒಂಬತ್ತು ಅಡಿಯಲ್ಲಿ ಮುಗಿಯಿತು. ತಗ್ಗಿನ ಪಂಚಾಂಗಕ್ಕೆ ನೀರು ನುಗ್ಗದೇ ಎಂದರೆ, ಮಾಡಿನ ಅಂಚನ್ನು ಗೋಡೆಯಿಂದ ಎರಡೂವರೆ ಅಡಿ ಹೊರಕ್ಕೆ ಚಾಚಿ, ಗುಡ್ಡದ ಬದಿಯಲ್ಲಿ ಒಂದೂವರೆ ಅಡಿ ಆಳದ ಕಲ್ಲಿನ ಚರಂಡಿ ತೋಡಿದ್ದೇವೆ. ಇಳಿಜಾರು ದಾರಿಯ ಮೇಲೂ ಮಾಡು ಇದೆ. ಇದನ್ನು ಬಿಡಬಾರದು. ಮುರಕಲ್ಲಿನ ಮೇಲೆ ನಮ್ಮ ಮಳೆಗೆ ಹದಿನೈದು ದಿನದಲ್ಲಿ ಹಾವಸೆ ಏರುತ್ತದೆ, ಹಾವಸೆ ಏರಿದ ಇಳಿಜಾರು ಮೆಟ್ಟಿಲಿಗಿಂತಲೂ ಕೆಟ್ಟದ್ದು. ದಾರಿಯ ಎರಡು ಬದಿಯಲ್ಲಿಯೂ ಹಿಡಿದುಕೊಂಡು ಹೋಗಲು ಮೂರಡಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿ ಕಂಬಿಯಿದೆ.

ಜಾಗ ಆರಿಸುವಾಗ ಧರೆಯ ಬುಡವನ್ನು ದೂರವಿಡಿರಿ. ಗುಡ್ಡ ಕಡಿದು ಮಟ್ಟ ಮಾಡಿದ ಹಿತ್ತಿಲು ನಮ್ಮಲ್ಲಿ ಸಾಮಾನ್ಯ. ಮಳೆಗಾಲದಲ್ಲಿ ನೀರು ಕುಡಿದ ಧರೆ ಯಾವಾಗ ಜರಿಯುವುದೆಂದು ಹೇಳುವಂತಿಲ್ಲ, ಓಡಲಾರದವರ ಮನೆಯನ್ನು ಅದರ ಕೆಳಗೆ ಕಟ್ಟುವುದು ಅಪರಾಧವೇ ಸರಿ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರವಾದರೂ ಬಿಡಬೇಕೆಂದು ನನ್ನ ಅಭಿಪ್ರಾಯ. ಹೊಸ ಮನೆ ಹಳೆಯ ಮನೆಯ ಕೂಗಳತೆಯೊಳಗೆ ಇರಬೇಕು. ಬೇಸಗೆಯ ಕೂಗಳತೆಯಲ್ಲ, ಹಂಚಿನ ಮೇಲೆ ಆಟಿಯ ಮಳೆ ಬಡಿಯುವಾಗಿನ ಕೂಗಳತೆ. ಅದು ಹತ್ತು ಮಾರು ಕೂಡ ಇಲ್ಲ. ಮಂಚದ ಬಳಿ ಬ್ಯಾಟರಿಯಿಂದ ನಡೆಯುವ ಕರೆಗಂಟೆಯಿದೆ. ಅದನ್ನು ನಂಬದೆ ಹಗ್ಗ ಎಳೆದರೆ ನಮ್ಮ ಅಡುಗೆಮನೆಯಲ್ಲಿ ಬಡಿಯುವ ಹಿತ್ತಾಳೆಯ ಗಂಟೆಯನ್ನೂ ಕಟ್ಟಿದ್ದೇನೆ. ಮಕ್ಕಳು ಅದನ್ನು ಶಾಲೆಯ ಗಂಟೆ ಎನ್ನುತ್ತಾರೆ.

ಕಾನೂನಿನ ವಿಷಯ ಎರಡು ಮಾತು. ಜಾಗ ದಾಖಲೆಯಲ್ಲಿ ‘ನಿಲಂ’ ಎಂದಿದೆಯೋ ‘ಪುರಯಿಡಂ’ ಎಂದಿದೆಯೋ ನೋಡಿಕೊಳ್ಳಿರಿ. ಗದ್ದೆಯೆಂದು ದಾಖಲಾದ ನೆಲಕ್ಕೆ ೨೦೦೮ರ ಕೇರಳದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾನೂನು ಅನ್ವಯಿಸುತ್ತದೆ, ಅಲ್ಲಿ ಮನಸ್ಸಿಗೆ ಬಂದಂತೆ ಕಟ್ಟುವಂತಿಲ್ಲ. ಪಂಚಾಯತಿನ ಪರವಾನಿಗೆಯನ್ನು ಮೊದಲೇ ಪಡೆಯಿರಿ. ಮಲಯಾಳದ ಕಾಗದ ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಯೇ ಸಹಿ ಹಾಕುವುದು ಒಳ್ಳೆಯದು.

ಸಾಮಾನಿನ ವಿಚಾರಕ್ಕೆ ಬರೋಣ. ಮುರಕಲ್ಲು ನಮ್ಮ ಕಾಲಡಿಯ ಸಂಪತ್ತು. ಬುಕಾನನ್ ಎಂಬ ಆಂಗ್ಲ ಸರಕಾರದ ಅಧಿಕಾರಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಹೆಸರಿನಿಂದ ಹುಟ್ಟಿದ ಮಾತು ಅದು. ನೆಲದೊಳಗೆ ಮೆತ್ತಗಿದ್ದು ಕತ್ತಿಗೆ ಸಿಗುವ ಈ ಕಲ್ಲು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಕಬ್ಬಿಣದ ಅಂಶವೇ ಅದಕ್ಕೆ ಕಾರಣ. ನಮ್ಮ ಬೇಕಲದ ಕೋಟೆ ಈ ಕಲ್ಲಿನದೇ. ಕೋರೆಯಿಂದ ತಂದ ಕೂಡಲೆ ಕಟ್ಟದೆ ಕೆಲವು ತಿಂಗಳು ಪೇರಿಸಿಟ್ಟರೆ ಕೆಟ್ಟ ಕಲ್ಲು ತಾನಾಗಿ ಪುಡಿಯಾಗಿ ಬೇರೆಯಾಗುತ್ತದೆ. ಒಳಗೆ ಬಿಳಿ ಜೇಡಿಯ ಗೂಡುಗಳಿರುವ ಕಲ್ಲನ್ನು ಬಿಡಿರಿ. ಹಟ್ಟಿಯ ಹಳೆಯ ಕಲ್ಲು ನಮಗೆ ಅರ್ಧ ಗೋಡೆಗೆ ಸಾಕಾಯಿತು. ಗಾರೆಗೆ ಕೆಮ್ಮಣ್ಣಿಗೆ ಸುಣ್ಣ ಬೆರೆಸಿದೆವು. ಪಂಚಾಂಗದ ಮೇಲೆ ಮಾತ್ರ ಮೂರು ಅಂಗುಲದ ಕಾಂಕ್ರೀಟಿನ ಪಟ್ಟಿ ಹಾಕಿದ್ದು, ನೆಲದ ಥಂಡಿ ಮತ್ತು ಒರಲೆ ಮೇಲೇರಬಾರದೆಂದು. ಹತ್ತಿರ ಸಿಗುವ ಸಾಮಾನಿನಲ್ಲೇ ಮನೆ ಕಟ್ಟಬೇಕೆಂದು ತಿರುವನಂತಪುರದಲ್ಲಿ ನೆಲೆಸಿ ೨೦೦೭ರಲ್ಲಿ ತೀರಿಕೊಂಡ ಲಾರಿ ಬೇಕರ್ ಜೀವಮಾನವೆಲ್ಲ ಕಟ್ಟಿ ತೋರಿಸಿದರು. ದೂರದಿಂದ ಬರುವ ಸಿಮೆಂಟು, ಕಬ್ಬಿಣ ಕಡಿಮೆಯಾದಷ್ಟೂ ಭೂಮಿಗೂ ಹಿತ, ಅಧ್ಯಾಪಕನ ಸಂಬಳಕ್ಕೂ ಹಿತ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ವಾಚಕರು ಮಾಡಬಾರದು. ಕಮೋಡಿನ ಬದಿಯಲ್ಲಿ ಹಿಡಿದುಕೊಳ್ಳುವ ಉಕ್ಕಿನ ಕಂಬಿಯನ್ನು ಮನೆಯಾದ ಮೇಲೆ ಗೋಡೆಗೆ ತೂತು ಕೊರೆದು ತಿರುಪಿನಿಂದ ಕೂರಿಸಿದೆವು. ನೋಡಲು ಭದ್ರವಾಗಿಯೇ ಇತ್ತು. ಅಮ್ಮ ಬರುವ ಮೊದಲು ಪರೀಕ್ಷಿಸೋಣವೆಂದು ನಾನೇ ಹಿಡಿದು ಜಗ್ಗಿದೆ. ಕಂಬಿ, ತಿರುಪು, ಒಂದು ಹಿಡಿ ಕೆಂಪು ಪುಡಿ ಎಲ್ಲವೂ ಕೈಗೆ ಬಂದುವು, ನಾನು ಹಿಂದಕ್ಕೆ ಕುಳಿತೆ. ಮುರಕಲ್ಲು ಭಾರ ಹೊರುತ್ತದೆ, ತಿರುಪನ್ನು ಹಿಡಿಯುವುದಿಲ್ಲ. ಗೋಡೆ ಏಳುವಾಗಲೇ ಕಂಬಿ ಬರುವ ಜಾಗಗಳಲ್ಲಿ ಮುರಕಲ್ಲಿನ ಬದಲು ಕಾಂಕ್ರೀಟಿನ ಕಟ್ಟಿಯನ್ನು ಇಡಬೇಕು. ನಾವು ಗೋಡೆಯನ್ನು ಒಡೆದು ಎರಡನೆಯ ಸಲ ಹಾಗೆ ಮಾಡಿದೆವು. ಕಂಬಿ ನೆಲದಿಂದ ೨೮ರಿಂದ ೩೦ ಅಂಗುಲ ಎತ್ತರದಲ್ಲಿರಲಿ, ಮುಷ್ಟಿಯಲ್ಲಿ ಹಿಡಿಯುವಂತೆ ಒಂದೂವರೆ ಅಂಗುಲ ದಪ್ಪವಿರಲಿ. ಗೋಡೆಗೂ ಅದಕ್ಕೂ ನಡುವೆ ಒಂದೂವರೆ ಅಂಗುಲವೇ ಸಾಕು; ಹೆಚ್ಚು ಸಂದು ಬಿಟ್ಟರೆ ಜಾರಿದಾಗ ಕೈ ಒಳಗೆ ಸಿಕ್ಕಿ ಮುರಿಯುತ್ತದೆ. ಬಚ್ಚಲಿನ ಬಾಗಿಲು ಹೊರಗೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಗೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಚಿಲಕವೂ ಹೊರಗಿನಿಂದ ಬಿಡಿಸಲು ಬರುವಂತಹದಾಗಲಿ.

ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿರೆಂದು ಅಂಗಡಿಯವರು ಬಹಳ ಹೇಳಿದರು. ಒದ್ದೆಯಾದರೆ ಅದು ಎಣ್ಣೆ ಸುರಿದಂತೆ. ನಯವಾಗಿ ತಿಕ್ಕಿದ ಕೆಂಪು ಕಾವಿಯ ನೆಲವೂ ಬಚ್ಚಲಿಗೆ ಬೇಡ. ಕೋಣೆಗೆ ಮೆರುಗಿಲ್ಲದ ಮಣ್ಣಿನ ನೆಲಹಂಚು, ಬಚ್ಚಲಿಗೆ ಒರಟು ಮೈಯ ಟೈಲ್ಸ್ ಹಾಕಿದೆವು.

ಮಾಡಿಗೆ ಹಟ್ಟಿಯ ಮಂಗಳೂರು ಹಂಚುಗಳೇ ಬಂದುವು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ತೊಡಗಿಸಿದ ಈ ಹಂಚಿನ ಗುಣವೇನೆಂದರೆ, ತೊಳೆದು ಒಡೆದುದನ್ನು ತೆಗೆದರೆ ಅಜ್ಜನ ಹಂಚು ಮೊಮ್ಮಗನಿಗೂ ಆಗುತ್ತದೆ. ಪಕ್ಕಾಸಿಗೆ ಫಲ ಕಡಿಮೆಯಾದ ಮುದಿ ತೆಂಗಿನ ಮರಗಳನ್ನು ಕಡಿದೆವು. ಹೊರಗಿನ ಕರಿಗಟ್ಟಿ ಭಾಗ ಮಾತ್ರ ಕೆಲಸಕ್ಕೆ ಬರುವುದು, ನಡುವಿನ ಮೆದು ತಿರುಳು ಸೌದೆಗೆ. ಮರಕ್ಕೆ ಒರಲೆ ಹಿಡಿಯದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಅದು ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಕ್ಕೆಯೇಳುತ್ತದೆ, ಕೈಗೆ ಉರೆ ಹಾಕಿಕೊಂಡು ಬಳಿಯತಕ್ಕದ್ದು. ಹಂಚಿನಡಿಗೆ ಬಿದಿರಿನ ಚಾಪೆಯ ತಟ್ಟಿ ಕೊಟ್ಟ ಮೇಲೆ ಏಪ್ರಿಲಿನ ಸೆಕೆ ಎಷ್ಟೋ ತಡೆಯಿತು. ಉತ್ತರದ ಇಳಿಯಲ್ಲಿ, ತಟ್ಟಿಯನ್ನು ಅಷ್ಟೇ ಅಗಲಕ್ಕೆ ಕತ್ತರಿಸಿ, ಎರಡು ಗಾಜಿನ ಹಂಚುಗಳಿವೆ. ವಯಸ್ಸಾದ ಕಣ್ಣಿಗೆ ಎಳೆಯ ಕಣ್ಣಿಗಿಂತ ಬಹಳ ಹೆಚ್ಚು ಬೆಳಕು ಬೇಕು. ನಮಗೆ ಬೆಳಕೆಂದು ಕಾಣುವ ಕೋಣೆ ಅವರಿಗೆ ಮುಸ್ಸಂಜೆ. ಜಗಲಿಯ ಅಂಚಿಗೆ ಎರಡು ಅಂಗುಲ ಬಿಳಿ ಬಣ್ಣದ ಗೆರೆ ಎಳೆದಿರುವುದೂ ಅಂಚು ಕಾಣಲೆಂದೇ. ಕಿಟಿಕಿಯನ್ನು ನೆಲದಿಂದ ಎರಡೇ ಅಡಿಗೆ ಇಟ್ಟೆವು. ಮಂಚದಲ್ಲಿ ಮಲಗಿದ್ದಲ್ಲಿಂದಲೇ ಅಮ್ಮ ಅಂಗಳದ ಅಡಿಕೆಯನ್ನು ನೋಡುತ್ತಾರೆ, ಮೋಡ ಕಂಡರೆ ನಮಗಿಂತ ಮೊದಲು ಅವರ ಗಂಟೆ ಬಡಿಯುತ್ತದೆ.

ನೀರಿಗೆ ನಮ್ಮ ಗುಡ್ಡದ ಸುರಂಗವಿದೆ. ಮೇಲಿನಿಂದ ಕೊಳವೆಯಲ್ಲಿ ತಾನಾಗಿ ಇಳಿಯುವುದರಿಂದ ಪಂಪಿನ ಹಂಗಿಲ್ಲ, ಕರೆಂಟು ಹೋದರೂ ಬಚ್ಚಲಿನಲ್ಲಿ ನೀರಿರುತ್ತದೆ. ಸುರಂಗವಿಲ್ಲದವರು ಮಾಡಿನ ನೀರನ್ನು ಲೆಕ್ಕ ಹಾಕಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಇಳಿಜಾರಿನ ಉದ್ದವನ್ನಲ್ಲ, ಮಾಡು ಮುಚ್ಚುವ ನೆಲವನ್ನು ಅಳೆಯಬೇಕು. ನಮ್ಮದು ಸುಮಾರು ೪೫ ಚದರ ಮೀಟರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೩೫೦೦ ಮಿಲಿಮೀಟರು ಮಳೆ. ಗುಣಿಸಿದರೆ ಒಂದೂವರೆ ಲಕ್ಷ ಲೀಟರಿಗೂ ಮಿಕ್ಕಿತು. ಅದನ್ನೆಲ್ಲ ಹಿಡಿದಿಡಲಾಗದು, ಇಂಗುಗುಂಡಿಗೆ ಬಿಟ್ಟರೆ ಬಾವಿಗೆ ಆಗುತ್ತದೆ. ಸ್ನಾನದ ನೀರು ಬಾಳೆ, ಕೆಸುವಿನ ಬುಡಕ್ಕೆ ಹೋಗಲಿ. ಕಕ್ಕಸಿನ ಗುಂಡಿಯನ್ನು ಮಾತ್ರ ಬಾವಿಯಿಂದ ೭.೫ ಮೀಟರಿಗಿಂತ ಹತ್ತಿರ ತೋಡುವಂತಿಲ್ಲ. ಮುರಕಲ್ಲಿನ ಸಂದುಗಳಲ್ಲಿ ನೀರು ಬೇಗ ಹರಿಯುವುದರಿಂದ ನಾವು ಅದರ ಎರಡರಷ್ಟು ದೂರ ಬಿಟ್ಟಿದ್ದೇವೆ, ಬಾವಿಗಿಂತ ತಗ್ಗಿನ ಬದಿಯಲ್ಲಿ.

ಕೆಲಸದ ಕಾಲ ನಮ್ಮವರಿಗೆ ಗೊತ್ತಿದ್ದದ್ದೇ. ಮಳೆ ಬಿಟ್ಟ ಮೇಲೆ ಕಲ್ಲು ತರಿಸಿ, ಗೋಡೆಯನ್ನು ಫೆಬ್ರವರಿ ಮಾರ್ಚಿನೊಳಗೆ ಏರಿಸಿ, ಪತ್ತನಾಜೆಯ ಮೊದಲು ಹಂಚು ಹೊದಿಸಬೇಕು. ೨೦೨೩ರ ಪತ್ತನಾಜೆಗೆ ನಾಲ್ಕು ದಿನ ಇರುವಾಗ ನಮ್ಮ ಕೊನೆಯ ಹಂಚು ಏರಿತು. ಅಮ್ಮ ಮೊದಲನೆಯ ರಾತ್ರಿ ಅಲ್ಲಿ ಮಲಗಿದಾಗ ನಾನು ಜಗಲಿಯಲ್ಲಿ ಚಾಪೆ ಹಾಸಿಕೊಂಡೆ. ರಾತ್ರಿ ಎರಡು ಸಲ ದೀಪ ಹೊತ್ತಿತು, ಆರಿತು. ಗಂಟೆ ಬಡಿಯಲಿಲ್ಲ. ಬೆಳಿಗ್ಗೆ ಒಲೆಯ ಹೊಗೆಯ ವಾಸನೆಗೆ ನನಗೆ ಎಚ್ಚರವಾಯಿತು. ಕಾಫಿ ಕೊಡುತ್ತಾ ಅವರು ಹೇಳಿದ್ದು ಒಂದೇ ದೂರು, ಅಡುಗೆ ಮೂಲೆಯ ಕಿಟಿಕಿಯ ಬಾಗಿಲು ಬಿಗಿಯಾಗಿದೆ, ಆಚಾರಿಯನ್ನು ಕರೆಸು ಎಂದು.